ಹಳೆಯ ನೆಟ್‌ಬುಕ್‌ಗೆ ಲಿನಕ್ಸ್: ಪ್ರೊಸೆಸರ್ ಗುರುತಿಸುವುದರಿಂದ ಬ್ರೌಸರ್ ಪಳಗಿಸುವವರೆಗೆ

ನೆಟ್‌ಬುಕ್‌ಗೆ ಲಿನಕ್ಸ್ ಹಾಕಲು ಹೋಗಿ ಕೈಚೆಲ್ಲಿದವರಲ್ಲಿ ಹೆಚ್ಚಿನವರು ಎಡವುವುದು ಇನ್‌ಸ್ಟಾಲ್ ಶುರುವಾಗುವುದಕ್ಕೂ ಮೊದಲೇ. ಯಂತ್ರದಲ್ಲಿ ಯಾವ ಪ್ರೊಸೆಸರ್, ಯಾವ ಗ್ರಾಫಿಕ್ಸ್ ಇದೆ ಎಂದು ನೋಡದೆ ಮೊದಲು ಕಣ್ಣಿಗೆ ಬಿದ್ದ ಐಎಸ್ಒ ಫೈಲ್ (ಇಡೀ ಲಿನಕ್ಸ್ ಒಂದೇ ಫೈಲ್ ಆಗಿರುವ ಇನ್‌ಸ್ಟಾಲ್ ಪ್ರತಿ) ಇಳಿಸಿಕೊಂಡಿರುತ್ತಾರೆ. ಆಮೇಲೆ ಕಪ್ಪು ಪರದೆ, ಸಿಗದ ವೈಫೈ, ಪರದೆಯ ಕೆಳಗೆ ಮರೆಯಾದ ‘ನೆಕ್ಸ್ಟ್’ ಬಟನ್ ಒಂದರ ಹಿಂದೊಂದು ಬರುತ್ತವೆ. ಹಾಗಾಗಿ ಕೆಳಗಿನ ಹಂತಗಳನ್ನು ಕೊಟ್ಟಿರುವ ಕ್ರಮದಲ್ಲೇ ಮಾಡಿ. ರ‍್ಯಾಮ್, ಡಿಸ್ಕ್ ಬದಲಿಸದಿದ್ದರೆ ಮೊದಲ ಎರಡಕ್ಕೆ ಕಾಲು ಗಂಟೆ ಸಾಕು, ಆದರೆ ಮುಂದಿನ ಎಲ್ಲವೂ ಅವುಗಳ ಮೇಲೆ ನಿಂತಿವೆ.

ಇಲ್ಲಿ ಹೇಳುವುದು ಮುಖ್ಯವಾಗಿ 2008ರಿಂದ 2012ರ ನಡುವೆ ಬಂದ, 10 ಇಂಚು ಆಸುಪಾಸಿನ, 1024×600 ಪರದೆಯ ಇಂಟೆಲ್ ಆಟಂ ಯಂತ್ರಗಳ ಬಗ್ಗೆ. ಆಮೇಲೆ ಬಂದ, 32 ಜಿಬಿ ಇಎಂಎಂಸಿ (ಡಿಸ್ಕ್ ಬದಲು ಬೋರ್ಡ್‌ಗೇ ಬೆಸೆದ ಸಂಗ್ರಹ) ಇರುವ ಚಿಕ್ಕ ಯಂತ್ರಗಳಿಗೆ ಬೇರೆಯಾಗುವ ಜಾಗಗಳನ್ನು ಅಲ್ಲಲ್ಲೇ ಹೇಳಿದೆ. ಕಮಾಂಡ್‌ಗಳ ಹೆಸರನ್ನು ಉಚ್ಚಾರದಂತೆ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಹೊಡೆಯಬೇಕು.

## ಮೊದಲೇ ಕೈಗೆ ಸಿಗಬೇಕಾದವು

- 8 ಜಿಬಿ ಪೆನ್‌ಡ್ರೈವ್ ಒಂದು. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ.
- ಹಳೆಯ ಫೈಲ್‌ಗಳನ್ನು ಎತ್ತಿಡಲು ಬೇರೊಂದು ಡಿಸ್ಕ್.
- ಕೆಲಸ ಮಾಡುವ ಇನ್ನೊಂದು ಕಂಪ್ಯೂಟರ್.
- ನೆಟ್‌ಬುಕ್‌ನ ಚಾರ್ಜರ್. ಹಳೆಯ ಬ್ಯಾಟರಿಯ ಶೇಕಡಾ ಲೆಕ್ಕವನ್ನು ನಂಬಿ ಇನ್‌ಸ್ಟಾಲ್‌ಗೆ ಇಳಿಯಬೇಡಿ.
- ಲ್ಯಾನ್ ಕೇಬಲ್, ಇಲ್ಲವೇ ಫೋನ್ ಮತ್ತು ಡೇಟಾ ಹಾಯುವ ಯುಎಸ್‌ಬಿ ಕೇಬಲ್. ಬರೀ ಚಾರ್ಜ್ ಮಾಡುವ ಕೇಬಲ್ ಸಾಲದು.
- ಚಿಕ್ಕ ಸ್ಟಾರ್ ಸ್ಕ್ರೂಡ್ರೈವರ್, ಒಂದು ಯುಎಸ್‌ಬಿ ಮೌಸ್.

ಬ್ಯಾಟರಿ ಉಬ್ಬಿ ಕೀಬೋರ್ಡ್ ಅಥವಾ ತಳದ ಪ್ಲಾಸ್ಟಿಕ್ ಮೇಲೆದ್ದಿದ್ದರೆ ಅದನ್ನು ಕಳಚಿಡಿ. ಬ್ಯಾಟರಿ ಹೊರಗಿದ್ದರೂ ಹೆಚ್ಚಿನ ನೆಟ್‌ಬುಕ್‌ಗಳು ಚಾರ್ಜರ್ ಮೇಲೆ ಓಡುತ್ತವೆ.

## ಹಂತ 1: ಪ್ರೊಸೆಸರ್ ಯಾವುದು ಎಂದು ನೋಡಿ

ಪ್ರೊಸೆಸರ್ ಹೆಸರು ಸಾಮಾನ್ಯವಾಗಿ ಬಯೋಸ್‌ನ (ಯಂತ್ರ ಆನ್ ಆದ ಕೂಡಲೇ ಓಡುವ ತಳಮಟ್ಟದ ಪ್ರೊಗ್ರಾಂ) ಮೊದಲ ಪುಟದಲ್ಲಿ ಇರುತ್ತದೆ. ವಿಂಡೋಸ್ ಇನ್ನೂ ಓಡುತ್ತಿದ್ದರೆ ಸಿಸ್ಟಮ್ ಪ್ರಾಪರ್ಟೀಸ್‌ನಲ್ಲೂ ಸಿಗುತ್ತದೆ. ಅಲ್ಲಿ ‘32-ಬಿಟ್ ಆಪರೇಟಿಂಗ್ ಸಿಸ್ಟಮ್’ ಎಂದಿದ್ದರೆ ಅದು ವಿಂಡೋಸ್ ಬಗ್ಗೆ ಹೇಳಿದ ಮಾತು, ಪ್ರೊಸೆಸರ್ ಬಗ್ಗೆ ಅಲ್ಲ. 64-ಬಿಟ್ ಪ್ರೊಸೆಸರ್ ಇದ್ದ ಎಷ್ಟೋ ನೆಟ್‌ಬುಕ್‌ಗಳು 32-ಬಿಟ್ ವಿಂಡೋಸ್ ಹೊತ್ತೇ ಮಾರುಕಟ್ಟೆಗೆ ಬಂದಿದ್ದವು. ಮಾಡೆಲ್ ನಂಬರ್ ನೋಡಿಯೇ ತೀರ್ಮಾನಿಸಿ.

ಎನ್270, ಎನ್280. 32-ಬಿಟ್ ಮಾತ್ರ. ಗ್ರಾಫಿಕ್ಸ್ ಜಿಎಂಎ 950. ನಿಧಾನ ಹೌದು, ಆದರೆ ಲಿನಕ್ಸ್‌ಗೆ ಇವುಗಳ ಬಗ್ಗೆ ಗೊತ್ತಿಲ್ಲದ್ದು ಏನೂ ಇಲ್ಲ.

ಎನ್450, ಎನ್455, ಎನ್470, ಎನ್475, ಎನ್550, ಎನ್570. 64-ಬಿಟ್. ಗ್ರಾಫಿಕ್ಸ್ ಜಿಎಂಎ 3150. ನೆಟ್‌ಬುಕ್‌ಗಳ ಪೈಕಿ ಲಿನಕ್ಸ್‌ಗೆ ಅತಿ ಕಡಿಮೆ ತಕರಾರಿನ ಗುಂಪು ಇದು. ಎನ್550 ಮತ್ತು ಎನ್570ರಲ್ಲಿ ಎರಡು ಕೋರ್ ಇರುವುದರಿಂದ ಬ್ರೌಸರ್ ತೆರೆದಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಝಡ್520, ಝಡ್530, ಎನ್2600, ಎನ್2800. ಇಲ್ಲಿ ನಿಲ್ಲಿ. ಇವುಗಳ ಗ್ರಾಫಿಕ್ಸ್ (ಮೊದಲ ಜೋಡಿಯಲ್ಲಿ ಜಿಎಂಎ 500, ಎರಡನೆಯದರಲ್ಲಿ ಜಿಎಂಎ 3600 ಮತ್ತು 3650) ಇಂಟೆಲ್‌ನ ಸ್ವಂತ ವಿನ್ಯಾಸವಲ್ಲ, ಪವರ್‌ವಿಆರ್ ಮೂಲದ್ದು. ಲಿನಕ್ಸ್ ಕರ್ನಲ್‌ನ (ವ್ಯವಸ್ಥೆಯ ತಿರುಳಿನ) ಡ್ರೈವರ್ ಪರದೆಯಲ್ಲಿ ಚಿತ್ರ ಮೂಡಿಸುತ್ತದೆ, ಅಷ್ಟೇ. 3ಡಿ ಆಗಲಿ ವಿಡಿಯೊ ವೇಗವರ್ಧನೆಯಾಗಲಿ ಇಲ್ಲ. ಝಡ್ ಜೋಡಿ 32-ಬಿಟ್. ಎನ್2600, ಎನ್2800 ಚಿಪ್ ಮಟ್ಟದಲ್ಲಿ 64-ಬಿಟ್ ಆದರೂ ಕೆಲವು ತಯಾರಕರ ಬಯೋಸ್ ಅದಕ್ಕೆ ಬಿಡುವುದಿಲ್ಲ. ಬರವಣಿಗೆ, ಇಮೇಲ್, ಟರ್ಮಿನಲ್ ಕೆಲಸಕ್ಕೆ ಇವು ಸಾಕು. ವಿಡಿಯೊ ನೋಡುವ ಆಸೆಯಿದ್ದರೆ ಈ ಯಂತ್ರದ ಮೇಲೆ ಸಮಯ ಹಾಕಬೇಡಿ. ಯಾವ ವಿತರಣೆ (ಡೆಬಿಯನ್, ಉಬುಂಟುವಿನಂಥ ಲಿನಕ್ಸ್ ರೂಪ) ಬದಲಿಸಿದರೂ ಫಲ ಒಂದೇ, ಏಕೆಂದರೆ ಎಲ್ಲವೂ ಬಳಸುವುದು ಅದೇ ಕರ್ನಲ್ ಡ್ರೈವರ್.

ಝಡ್3735ಎಫ್ ಮತ್ತು ಅದರ ಬಳಗ. ಪ್ರೊಸೆಸರ್ 64-ಬಿಟ್, ಆದರೆ ಹೆಚ್ಚಿನ ಯಂತ್ರಗಳಲ್ಲಿ ಯುಇಎಫ್‌ಐ (ಬಯೋಸ್ ಜಾಗಕ್ಕೆ ಬಂದ ಹೊಸ ವ್ಯವಸ್ಥೆ) 32-ಬಿಟ್. ಹಾಗಾಗಿ ಸಾಮಾನ್ಯ 64-ಬಿಟ್ ಪೆನ್‌ಡ್ರೈವ್ ಬೂಟ್ ಮೆನುವಿನಲ್ಲಿ ಕಾಣುವುದೇ ಇಲ್ಲ. ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಂಡು ಮತ್ತೆ ಮತ್ತೆ ಬರೆಯುವವರು ಈ ಗುಂಪಿನವರೇ. 32-ಬಿಟ್ ಯುಇಎಫ್‌ಐಗೆ ಬೇಕಾದ ಬೂಟ್ ಫೈಲ್ ಇರುವ ಐಎಸ್ಒ ಬೇಕು. ಡೆಬಿಯನ್ 12 ಮತ್ತು 13ರ 64-ಬಿಟ್ ಇನ್‌ಸ್ಟಾಲರ್‌ನಲ್ಲಿ ಅದು ಸೇರಿಯೇ ಬರುತ್ತದೆ.

ಎಎಂಡಿ ಸಿ-50, ಸಿ-60. 64-ಬಿಟ್. ರೇಡಿಯಾನ್ ಗ್ರಾಫಿಕ್ಸ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಎಎಂಡಿ ಗ್ರಾಫಿಕ್ಸ್ ಫರ್ಮ್‌ವೇರ್ (ಚಿಪ್‌ನೊಳಗೆ ಓಡುವ ಚಿಕ್ಕ ಪ್ರೊಗ್ರಾಂ) ಪ್ಯಾಕೇಜ್ ಇಲ್ಲದಿದ್ದರೆ ಪರದೆ ಮಂದಗತಿಯಲ್ಲೇ ಉಳಿಯುತ್ತದೆ.

## ಹಂತ 2: ರ‍್ಯಾಮ್, ಡಿಸ್ಕ್, ಗಡಿಯಾರದ ಸೆಲ್

1 ಜಿಬಿ ರ‍್ಯಾಮ್‌ನಲ್ಲಿ ಲಿನಕ್ಸ್ ಓಡುತ್ತದೆ. ಓಡದಿರುವುದು ಇಂದಿನ ವೆಬ್‌ಸೈಟ್‌ಗಳು. 2 ಜಿಬಿಗೆ ಏರಿಸುವ ಅವಕಾಶವಿದ್ದರೆ ಇನ್‌ಸ್ಟಾಲ್‌ಗೆ ಮುಂಚೆ ಏರಿಸಿ. ಸಾಮಾನ್ಯವಾಗಿ ತಳದಲ್ಲಿ ಒಂದೇ ಸ್ಕ್ರೂ ಇರುವ ಚಿಕ್ಕ ಮುಚ್ಚಳದಡಿ ಒಂದೇ ಸ್ಲಾಟ್ ಇರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸೆದಿರುತ್ತದೆ, ಅಲ್ಲಿ ಮಾಡುವುದಕ್ಕೇನೂ ಇಲ್ಲ.

ಎನ್270, ಎನ್280, ಎನ್450 ಯಂತ್ರಗಳಿಗೆ ಡಿಡಿಆರ್2 ಸೋಡಿಮ್. ಎನ್455, ಎನ್475, ಎನ್550, ಎನ್570 ಯಂತ್ರಗಳಲ್ಲಿ ಹೆಚ್ಚಾಗಿ ಡಿಡಿಆರ್3. ಎರಡರ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದರ ಸ್ಲಾಟ್‌ಗೆ ಇನ್ನೊಂದು ಕೂರುವುದಿಲ್ಲ. ಒತ್ತಿ ಕೂರಿಸಲು ಹೋಗಬೇಡಿ. ಈ ಎಲ್ಲ ಪ್ರೊಸೆಸರ್‌ಗಳ ಮಿತಿ 2 ಜಿಬಿ. 4 ಜಿಬಿ ಕಡ್ಡಿ ಹಾಕಿದರೆ ಯಂತ್ರ ಆನ್ ಆಗದೇ ಇರಬಹುದು. ರ‍್ಯಾಮ್ ಬದಲಿಸಿದ ಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಪ್ರೊಗ್ರಾಂ ಒಂದು ಸುತ್ತು ಪೂರ್ತಿ ಓಡಿಸಿ. ಇನ್‌ಸ್ಟಾಲ್ ಪ್ರತಿ ಸಲ ಬೇರೆ ಬೇರೆ ಜಾಗದಲ್ಲಿ ಮುರಿದುಬಿದ್ದರೆ ಅನುಮಾನ ಮೊದಲು ಹೋಗಬೇಕಾದದ್ದು ರ‍್ಯಾಮ್ ಮೇಲೆ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತರೆ ಐಎಸ್ಒ ಅಥವಾ ಹಾರ್ಡ್‌ಡಿಸ್ಕ್ ಮೇಲೆ.

ತಿರುಗುವ ಹಾರ್ಡ್‌ಡಿಸ್ಕ್ ತೆಗೆದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿದರೆ ಪ್ರೊಗ್ರಾಂಗಳು ತೆರೆಯುವ ಕಾಯುವಿಕೆ ಬಹಳ ಇಳಿಯುತ್ತದೆ. ಸಾಟಾ ಸಂಪರ್ಕ ಹಳೆಯದಾದ್ದರಿಂದ ಎಸ್‌ಎಸ್‌ಡಿಯ ಪೂರ್ಣ ವೇಗ ಸಿಗುವುದಿಲ್ಲ, ಹಾಗಾಗಿ ದುಬಾರಿ ಮಾಡೆಲ್ ಬೇಕಿಲ್ಲ. ಹಳೆಯ ಡಿಸ್ಕ್ 9.5 ಮಿಲಿಮೀಟರ್ ದಪ್ಪ, ಎಸ್‌ಎಸ್‌ಡಿ ಸಾಮಾನ್ಯವಾಗಿ 7 ಮಿಲಿಮೀಟರ್. ಚೌಕಟ್ಟಿಲ್ಲದ ಖಾನೆಯಾದರೆ ಎಸ್‌ಎಸ್‌ಡಿ ಅಲುಗಾಡದಂತೆ ಪ್ಲಾಸ್ಟಿಕ್ ಸ್ಪೇಸರ್ ಇಡಿ. ಹಳೆಯ ಡಿಸ್ಕನ್ನೇ ಇಟ್ಟುಕೊಳ್ಳುವುದಾದರೆ ಅದರ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ) ನೋಡಿ. ‘ರೀಅಲೊಕೇಟೆಡ್’ ಅಥವಾ ‘ಪೆಂಡಿಂಗ್ ಸೆಕ್ಟರ್’ ಸಾಲಿನ ಕೊನೆಯ ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದು ದಿನೇದಿನೇ ಏರುತ್ತಿದ್ದರೆ ಆ ಡಿಸ್ಕ್‌ಗೆ ಏನನ್ನೂ ಹಾಕಬೇಡಿ.

ಗಡಿಯಾರದ ಸೆಲ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಚಾರ್ಜರ್ ತೆಗೆದಿಟ್ಟು ಮರುದಿನ ಆನ್ ಮಾಡಿದಾಗ ಬಯೋಸ್‌ನಲ್ಲಿ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಸೆಲ್ ಸತ್ತಿದೆ. ಇದರ ಪರಿಣಾಮ ಕಾಣುವುದು ಬೇರೆಲ್ಲೋ: ಬ್ರೌಸರ್ ಪ್ರತಿ ಸೈಟ್‌ಗೂ ‘ಸುರಕ್ಷಿತವಲ್ಲ’ ಎನ್ನುತ್ತದೆ, ಅಪ್‌ಡೇಟ್ ಮಾಡಲು ಹೋದರೆ ‘ಈ ಫೈಲ್ ಇನ್ನೂ ಮಾನ್ಯವಾಗಿಲ್ಲ’ ಎಂಬ ಅರ್ಥದ ಸಂದೇಶ ಬರುತ್ತದೆ. ನೆಟ್‌ವರ್ಕ್ ಕೆಟ್ಟಿದೆ ಎಂದು ಗಂಟೆಗಟ್ಟಲೆ ಹುಡುಕುವ ಬದಲು ದಿನಾಂಕ ಸರಿಮಾಡಿ.

## ಹಂತ 3: ಯಾವ ವಿತರಣೆ

ನಿರ್ಧಾರ ಎರಡೇ ಪ್ರಶ್ನೆಗಳ ಮೇಲೆ: ಎಷ್ಟು ಬಿಟ್, ಎಷ್ಟು ರ‍್ಯಾಮ್.

32-ಬಿಟ್ ಯಂತ್ರಕ್ಕೆ ಆಯ್ಕೆ ಕಿರಿದಾಗುತ್ತಿದೆ. ಉಬುಂಟು ಬಳಗ 18.10ರ ನಂತರದ ಆವೃತ್ತಿಗಳಿಗೆ 32-ಬಿಟ್ ಐಎಸ್ಒ ಕೊಟ್ಟಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ 32-ಬಿಟ್ ಪಿಸಿಗೆ ಇನ್‌ಸ್ಟಾಲರ್ ಇಲ್ಲ, ಕರ್ನಲ್ಲೂ ಇಲ್ಲ. ಉಳಿದಿರುವ ಭದ್ರ ನೆಲೆ ಡೆಬಿಯನ್ 12, ಅಂದರೆ ಬುಕ್‌ವರ್ಮ್, ಮತ್ತು ಅದರ ಮೇಲೆ ಕಟ್ಟಿದ ಆಂಟಿಎಕ್ಸ್ 23. ಆಲ್ಪೈನ್, ವಾಯ್ಡ್ ಸಹ 32-ಬಿಟ್ ಕೊಡುತ್ತವೆ. ಆದರೆ ಟರ್ಮಿನಲ್‌ಗೆ ಹೊಸಬರಾದವರು ಅವುಗಳಿಂದ ಶುರುಮಾಡುವುದು ಬೇಡ.

1 ಜಿಬಿ ರ‍್ಯಾಮ್ ಇದ್ದರೆ ಆಂಟಿಎಕ್ಸ್ ಹಾಕಿ. ಐಸ್‌ಡಬ್ಲ್ಯೂಎಂ ಎಂಬ ಹಗುರ ವಿಂಡೋ ಮ್ಯಾನೇಜರ್ ಮೇಲೆ ನಿಂತಿರುವುದರಿಂದ ಖಾಲಿ ಡೆಸ್ಕ್‌ಟಾಪ್ 200 ಎಂಬಿ ಆಸುಪಾಸಿನಲ್ಲೇ ಇರುತ್ತದೆ. ‘ಫುಲ್’ ಆವೃತ್ತಿಯಲ್ಲಿ ಲಿಬ್ರೆಆಫೀಸ್ ಸೇರಿರುತ್ತದೆ, ‘ಬೇಸ್’ನಲ್ಲಿ ಇರುವುದಿಲ್ಲ. ಡಿಸ್ಕ್ ಚಿಕ್ಕದಿದ್ದರೆ ಬೇಸ್ ಸಾಕು. ಒಂದು ಎಚ್ಚರ: ಆಂಟಿಎಕ್ಸ್ 23ರಲ್ಲಿ ಸಿಸ್ಟಮ್‌ಡಿ (ಹಿನ್ನೆಲೆಯ ಸೇವೆಗಳನ್ನು ಶುರುಮಾಡುವ ವ್ಯವಸ್ಥೆ) ಇಲ್ಲ. ‘ಸಿಸ್ಟಮ್‌ಸಿಟಿಎಲ್’ ಎಂದು ಶುರುವಾಗುವ ಯಾವ ಸಲಹೆಯೂ ಅಲ್ಲಿ ನಡೆಯುವುದಿಲ್ಲ.

2 ಜಿಬಿ ಮತ್ತು 64-ಬಿಟ್ ಇದ್ದರೆ ಡೆಬಿಯನ್ 13ನ್ನು ಎಲ್‌ಎಕ್ಸ್‌ಕ್ಯೂಟಿ ಅಥವಾ ಎಲ್‌ಎಕ್ಸ್‌ಡಿಇ ಡೆಸ್ಕ್‌ಟಾಪ್ ಜೊತೆ ಹಾಕುವುದು ಹೆಚ್ಚು ಬಾಳಿಕೆಯ ದಾರಿ. ಎಕ್ಸ್‌ಎಫ್‌ಸಿಇ ಓಡುತ್ತದೆ, ಆದರೆ ಬ್ರೌಸರ್‌ಗೆ ಉಳಿಯುವ ಜಾಗ ಕಡಿಮೆ. ಗ್ನೋಮ್, ಕೆಡಿಇ ಬೇಡ. 2 ಜಿಬಿಯಲ್ಲಿ ಡೆಸ್ಕ್‌ಟಾಪ್ ತಾನೇ ಅರ್ಧದಷ್ಟು ನುಂಗಿ ಕೂರುತ್ತದೆ. 64-ಬಿಟ್ ಪ್ರೊಸೆಸರ್‌ಗೆ ಬೇಕೆಂದೇ 32-ಬಿಟ್ ಲಿನಕ್ಸ್ ಹಾಕಿ ರ‍್ಯಾಮ್ ಉಳಿಸುವ ಹಳೆಯ ಉಪಾಯ ಈಗ ಲಾಭದ್ದಲ್ಲ. ಉಳಿಯುವ ಮೆಮೊರಿಗಿಂತ ತಪ್ಪುವ ಅಪ್‌ಡೇಟ್‌ಗಳ ನಷ್ಟ ದೊಡ್ಡದು.

## ಹಂತ 4: ಪೆನ್‌ಡ್ರೈವ್ ತಯಾರಿ

ಐಎಸ್ಒ ಇಳಿಸಿದ ಮೇಲೆ ಅದರ ಎಸ್‌ಎಚ್‌ಎ256 ಮೊತ್ತವನ್ನು (ಫೈಲ್ ಸರಿಯಾಗಿ ಇಳಿದಿದೆಯೇ ಎಂದು ತೋರಿಸುವ ಅಕ್ಷರ-ಅಂಕಿಗಳ ಸಾಲು) ವಿತರಣೆಯ ಪುಟದಲ್ಲಿರುವುದರ ಜೊತೆ ತಾಳೆ ನೋಡಿ. ಬೂಟ್ ಆಗುವಾಗ ‘ಸ್ಕ್ವಾಶ್‌ಎಫ್‌ಎಸ್ ಎರರ್’ ಸಾಲುಗಳು ಹರಿದುಬಂದರೆ ಬಹುತೇಕ ಈ ತಾಳೆ ತಪ್ಪಿರುತ್ತದೆ ಅಥವಾ ಪೆನ್‌ಡ್ರೈವ್ ಸವೆದಿರುತ್ತದೆ.

ಫೈಲನ್ನು ಪೆನ್‌ಡ್ರೈವ್‌ಗೆ ಬರೀ ಕಾಪಿ ಮಾಡಿದರೆ ಬೂಟ್ ಆಗುವುದಿಲ್ಲ. ಬಲೀನಾ ಎಚರ್, ರೂಫಸ್, ಅಥವಾ ಲಿನಕ್ಸ್‌ನಲ್ಲಾದರೆ ಡಿಡಿ ಬಳಸಿ ಬರೆಯಿರಿ. ರೂಫಸ್‌ನಲ್ಲಿ ಹಳೆಯ ಬಯೋಸ್ ಯಂತ್ರಕ್ಕೆ ಪಾರ್ಟಿಷನ್ ಸ್ಕೀಮ್ ‘ಎಂಬಿಆರ್’ ಇರಲಿ. ಐಎಸ್ಒ ಮೋಡ್‌ನಲ್ಲಿ ಬರೆದದ್ದು ಬೂಟ್ ಆಗದಿದ್ದರೆ ಡಿಡಿ ಇಮೇಜ್ ಮೋಡ್‌ನಲ್ಲಿ ಮತ್ತೆ ಬರೆಯಿರಿ.

## ಹಂತ 5: ಪೆನ್‌ಡ್ರೈವ್‌ನಿಂದ ಬೂಟ್

ಮೊದಲು ಪೆನ್‌ಡ್ರೈವ್ ಚುಚ್ಚಿ, ಆಮೇಲೆ ಪವರ್ ಒತ್ತಿ. ಬೂಟ್ ಮೆನು ಕೀ ಏಸರ್ ಆಸ್ಪೈರ್ ಒನ್‌ನಲ್ಲಿ ಎಫ್12, ಆಸುಸ್ ಈಈಈ ಪಿಸಿಯಲ್ಲಿ ಎಸ್ಕೇಪ್, ಎಚ್‌ಪಿ ಮಿನಿಯಲ್ಲಿ ಎಫ್9. ಆಸ್ಪೈರ್ ಒನ್‌ನಲ್ಲಿ ಎಫ್12 ಕೆಲಸ ಮಾಡದಿದ್ದರೆ ಎಫ್2 ಒತ್ತಿ ಬಯೋಸ್‌ಗೆ ಹೋಗಿ ‘ಎಫ್12 ಬೂಟ್ ಮೆನು’ ಸಾಲನ್ನು ಆನ್ ಮಾಡಿ. ಈಈಈ ಪಿಸಿಯಲ್ಲಿ ಯಾವ ಕೀಗೂ ಯಂತ್ರ ಓಗೊಡದಿದ್ದರೆ ಕಾರಣ ‘ಬೂಟ್ ಬೂಸ್ಟರ್’. ಅದು ಆರಂಭದ ಪರೀಕ್ಷೆಯನ್ನು ಹಾರಿಸುವುದರಿಂದ ಕೀ ಒತ್ತಲು ಸಮಯವೇ ಸಿಗುವುದಿಲ್ಲ. ಆನ್ ಮಾಡಿದ ಕ್ಷಣದಿಂದ ಎಫ್2 ಬಡಿಯುತ್ತ ಬಯೋಸ್ ಹೊಕ್ಕು ಅದನ್ನು ಆಫ್ ಮಾಡಿ.

ಪೆನ್‌ಡ್ರೈವ್ ಕಾಣುತ್ತಿಲ್ಲ ಎನ್ನುವ ಮುಂಚೆ ಹಾರ್ಡ್‌ಡಿಸ್ಕ್ ಪಟ್ಟಿಯ ಒಳಗೆ ನೋಡಿ. ಹಳೆಯ ಬಯೋಸ್‌ಗಳು ಪೆನ್‌ಡ್ರೈವನ್ನು ಎರಡನೇ ಹಾರ್ಡ್‌ಡಿಸ್ಕ್ ಎಂದೇ ತಿಳಿಯುತ್ತವೆ. ಅಲ್ಲಿ ಅದನ್ನು ಮೇಲಕ್ಕೆ ತಂದರೆ ಮಾತ್ರ ಬೂಟ್ ಪಟ್ಟಿಗೆ ಬರುತ್ತದೆ.

ಈ ಹಂತದಲ್ಲಿ ಬರುವ ಸೂಚನೆಗಳನ್ನು ಹೀಗೆ ಓದಿ:

‘ಈ ಕರ್ನಲ್‌ಗೆ ಎಕ್ಸ್86-64 ಪ್ರೊಸೆಸರ್ ಬೇಕು, ಸಿಕ್ಕಿದ್ದು ಐ686’ ಎಂಬ ಅರ್ಥದ ಸಾಲು ಬಂದರೆ 32-ಬಿಟ್ ಯಂತ್ರಕ್ಕೆ 64-ಬಿಟ್ ಐಎಸ್ಒ ಹಾಕಿದ್ದೀರಿ. ಹಂತ 1ಕ್ಕೆ ವಾಪಸ್.

ಮೆನು ಬಂದು ನಂತರ ಪರದೆ ಕಪ್ಪಾದರೆ ಕೋಣೆಯ ದೀಪ ಆರಿಸಿ ಪರದೆಯನ್ನು ಓರೆಯಿಂದ ನೋಡಿ. ಅಕ್ಷರಗಳು ಮಂಕಾಗಿ ಕಂಡರೆ ಲಿನಕ್ಸ್ ಓಡುತ್ತಿದೆ, ಹಿಂಬೆಳಕು ಮಾತ್ರ ಆರಿದೆ. ಎಫ್‌ಎನ್ ಜೊತೆ ಬ್ರೈಟ್‌ನೆಸ್ ಕೀ ಒತ್ತಿ. ಆಗದಿದ್ದರೆ ಬೂಟ್ ಮೆನುವಿಗೆ ಮರಳಿ, ಬೂಟ್ ಸಾಲನ್ನು ತಿದ್ದಲು ಗ್ರಬ್ (ಲಿನಕ್ಸನ್ನು ಬೂಟ್ ಮಾಡಿಸುವ ಪ್ರೊಗ್ರಾಂ) ಮೆನುವಾದರೆ ‘ಇ’ ಕೀ, ಹಳೆಯ ಸಿಸ್‌ಲಿನಕ್ಸ್ ಮೆನುವಾದರೆ ಟ್ಯಾಬ್ ಒತ್ತಿ, ಕರ್ನಲ್ ಸಾಲಿನ ಕೊನೆಗೆ ‘ಎಸಿಪಿಐ_ಬ್ಯಾಕ್‌ಲೈಟ್=ವೆಂಡರ್’ ಸೇರಿಸಿ. ಪರದೆಯಲ್ಲಿ ಏನೂ ಇಲ್ಲವೇ ಇಲ್ಲ ಎಂದಾದರೆ ಅದರ ಬದಲು ‘ನೋಮೋಡ್‌ಸೆಟ್’ ಹಾಕಿ ನೋಡಿ. ಇದು ಒಳಗೆ ಹೋಗಲು ತಾತ್ಕಾಲಿಕ ದಾರಿ ಮಾತ್ರ. ಕಾಯಂ ಬಿಟ್ಟರೆ ಗ್ರಾಫಿಕ್ಸ್ ಡ್ರೈವರ್ ಕೆಲಸವೇ ಮಾಡುವುದಿಲ್ಲ, ಎಲ್ಲ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ.

## ಹಂತ 6: ಲೈವ್‌ನಲ್ಲಿ ಪರೀಕ್ಷೆ, ಡಿಸ್ಕ್ ಮುಟ್ಟುವ ಮುಂಚೆ

ಡೆಬಿಯನ್ ನೆಟ್‌ಇನ್‌ಸ್ಟ್ (ಉಳಿದದ್ದನ್ನು ಇಂಟರ್‌ನೆಟ್‌ನಿಂದ ತರುವ ಚಿಕ್ಕ ಇನ್‌ಸ್ಟಾಲರ್) ಹಾಕುವವರೂ ಒಮ್ಮೆ ಆಂಟಿಎಕ್ಸ್ ಲೈವ್‌ನಲ್ಲಿ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಲಿನಕ್ಸ್) ಯಂತ್ರ ಪರೀಕ್ಷಿಸುವುದು ಒಳ್ಳೆಯದು. ಲೈವ್ ಬಳಕೆದಾರ ‘ಡೆಮೊ’, ಪಾಸ್‌ವರ್ಡ್ ಸಹ ‘ಡೆಮೊ’. ರೂಟ್‌ನ (ಎಲ್ಲ ಅಧಿಕಾರ ಇರುವ ಬಳಕೆದಾರನ) ಪಾಸ್‌ವರ್ಡ್ ‘ರೂಟ್’. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಸಿಪಿಯು’ ಹೊಡೆದರೆ ಎರಡನೇ ಸಾಲಿನ ಸುಮಾರಿಗೆ 32-ಬಿಟ್ ಮಾತ್ರವೋ, 64-ಬಿಟ್ ಕೂಡ ಇದೆಯೋ ಎಂಬುದು ಕಾಣುತ್ತದೆ.

ಈಗ ಧ್ವನಿ, ಟಚ್‌ಪ್ಯಾಡ್, ಬ್ರೈಟ್‌ನೆಸ್ ಕೀಗಳು, ವೆಬ್‌ಕ್ಯಾಮ್ ಒಂದೊಂದಾಗಿ ನೋಡಿ. ಮುಚ್ಚಳ ಮುಚ್ಚಿ ಸಸ್ಪೆಂಡ್‌ಗೆ ಹಾಕಿ ಎಬ್ಬಿಸುವುದನ್ನು ಮೂರು ಸಲವಾದರೂ ಮಾಡಿ; ಮೊದಲ ಸಲ ಎದ್ದು ಎರಡನೆಯದರಲ್ಲಿ ಕೈಕೊಡುವ ಯಂತ್ರಗಳಿವೆ.

ವೈಫೈ ಸಿಗದಿದ್ದರೆ ಮೊದಲು ‘ಆರ್‌ಎಫ್‌ಕಿಲ್ ಲಿಸ್ಟ್’ ನೋಡಿ. ‘ಹಾರ್ಡ್ ಬ್ಲಾಕ್ಡ್’ ಎದುರು ‘ಯೆಸ್’ (ಹೌದು) ಎಂದಿದ್ದರೆ ಯಂತ್ರದ ಪಕ್ಕದ ಸ್ವಿಚ್ ಅಥವಾ ಎಫ್‌ಎನ್ ಕೀ ವೈಫೈಯನ್ನು ಆರಿಸಿದೆ. ಯಾವ ಡ್ರೈವರ್ ಹಾಕಿದರೂ ಅದು ಏಳುವುದಿಲ್ಲ. ಬ್ಲಾಕ್ ಇಲ್ಲದಿದ್ದರೆ ‘ಎಲ್‌ಎಸ್‌ಪಿಸಿಐ’ ಕೊಡುವ ಪಟ್ಟಿಯಲ್ಲಿ ಚಿಪ್ ಹೆಸರು ಹುಡುಕಿ. ಅಥೆರಾಸ್ ಆದರೆ ಅದೃಷ್ಟ, ಆ ಕಾಲದ ಅಥೆರಾಸ್ ಕಾರ್ಡ್‌ಗಳಿಗೆ ಬೇರೆ ಫರ್ಮ್‌ವೇರ್ ಬೇಡ. ರಿಯಲ್‌ಟೆಕ್, ಇಂಟೆಲ್ ಕಾರ್ಡ್‌ಗಳಿಗೆ ಆಯಾ ಫರ್ಮ್‌ವೇರ್ ಪ್ಯಾಕೇಜ್ ಬೇಕು. ಬ್ರಾಡ್‌ಕಾಮ್ ಇದ್ದರೆ ಪೂರ್ತಿ ಸಂಖ್ಯೆ ಬರೆದಿಟ್ಟುಕೊಳ್ಳಿ, ಏಕೆಂದರೆ ಬಿಸಿಎಂ4312 ಮತ್ತು ಬಿಸಿಎಂ4313 ಎರಡಕ್ಕೂ ಡ್ರೈವರ್ ಬೇರೆ. 4312ರ ಕಡಿಮೆ ವಿದ್ಯುತ್ ಮಾದರಿಗೆ ಬಿ43 ಎಲ್‌ಪಿ-ಫೈ ಇನ್‌ಸ್ಟಾಲರ್ ಪ್ಯಾಕೇಜ್, 4313ಕ್ಕೆ ಬಿಆರ್‌ಸಿಎಂ80211 ಫರ್ಮ್‌ವೇರ್. ಮೊದಲನೆಯದು ಫರ್ಮ್‌ವೇರನ್ನು ಇಂಟರ್‌ನೆಟ್‌ನಿಂದಲೇ ಇಳಿಸಿಕೊಳ್ಳುವುದರಿಂದ ವೈಫೈ ಸರಿಮಾಡಲು ಇಂಟರ್‌ನೆಟ್ ಬೇಕಾಗುವ ವಿಚಿತ್ರ ಸ್ಥಿತಿ. ಲ್ಯಾನ್ ಕೇಬಲ್ ಕೇಳಿದ್ದು ಇದಕ್ಕೇ. ಅದಿಲ್ಲದಿದ್ದರೆ ಫೋನನ್ನು ಯುಎಸ್‌ಬಿಗೆ ಸಿಕ್ಕಿಸಿ ಅದರಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್‌ಗೆ ಅದು ತಂತಿಯ ನೆಟ್‌ವರ್ಕ್ ಕಾರ್ಡ್‌ನಂತೆ ಕಾಣುತ್ತದೆ.

## ಹಂತ 7: ಇನ್‌ಸ್ಟಾಲ್

ಹಳೆಯ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ಎತ್ತಿಟ್ಟಾಯಿತೇ ಎಂದು ಇನ್ನೊಮ್ಮೆ ನೋಡಿ. ಪೂರ್ತಿ ಡಿಸ್ಕ್ ಅಳಿಸಿದರೆ ವಿಂಡೋಸ್‌ನ ರಿಕವರಿ ಭಾಗವೂ ಹೋಗುತ್ತದೆ.

ಪರದೆ ಸಾಲದಿದ್ದಾಗ. 600 ಪಿಕ್ಸೆಲ್ ಎತ್ತರದಲ್ಲಿ ಇನ್‌ಸ್ಟಾಲರ್ ಕಿಟಕಿಯ ಕೆಳಭಾಗ ಕಾಣುವುದಿಲ್ಲ. ಆಲ್ಟ್ ಕೀ ಹಿಡಿದು ಕಿಟಕಿಯ ಯಾವುದೇ ಜಾಗದಲ್ಲಿ ಎಡ ಬಟನ್ ಒತ್ತಿ ಮೇಲಕ್ಕೆಳೆದರೆ ಬಟನ್‌ಗಳು ಸಿಗುತ್ತವೆ. ಡೆಬಿಯನ್‌ನಲ್ಲಿ ಈ ಗೊಡವೆಯೇ ಬೇಡ, ‘ಗ್ರಾಫಿಕಲ್’ ಬಿಟ್ಟು ಬರೀ ‘ಇನ್‌ಸ್ಟಾಲ್’ ಎಂಬ ಅಕ್ಷರ ಮೋಡ್ ಆರಿಸಿ. ರ‍್ಯಾಮ್ ಸಹ ಕಡಿಮೆ ತಿನ್ನುತ್ತದೆ.

ಪಾರ್ಟಿಷನ್. ಹಳೆಯ ಬಯೋಸ್ ಯಂತ್ರಕ್ಕೆ ಎಂಬಿಆರ್ ಟೇಬಲ್, ಒಂದೇ ಇಎಕ್ಸ್‌ಟಿ4 ಪಾರ್ಟಿಷನ್, ಜೊತೆಗೆ 2 ಜಿಬಿ ಸ್ವಾಪ್ (ರ‍್ಯಾಮ್ ಸಾಲದಾದಾಗ ಬಳಸುವ ಡಿಸ್ಕ್ ಜಾಗ). ಇಷ್ಟು ಸಾಕು. ಚಿಕ್ಕ ಡಿಸ್ಕ್‌ನಲ್ಲಿ ರೂಟ್ (ವ್ಯವಸ್ಥೆಯ ಭಾಗ) ಮತ್ತು ಹೋಮ್ (ನಿಮ್ಮ ಫೈಲ್‌ಗಳ ಭಾಗ) ಬೇರೆ ಬೇರೆ ಮಾಡಿದರೆ ಒಂದು ತುಂಬಿ ಇನ್ನೊಂದು ಖಾಲಿ ಬಿದ್ದಿರುತ್ತದೆ. ಬೆಸೆದ 4 ಜಿಬಿ ಎಸ್‌ಎಸ್‌ಡಿ ಇರುವ ಈಈಈ ಪಿಸಿ 701ರಂಥ ಯಂತ್ರದಲ್ಲಿ ಸ್ವಾಪ್ ಪಾರ್ಟಿಷನ್ ಬೇಡ. ಅಲ್ಲಿ ಇನ್‌ಸ್ಟಾಲ್ ಮಾಡದೆ ಆಂಟಿಎಕ್ಸನ್ನು ಪರ್ಸಿಸ್ಟೆನ್ಸ್ (ಮಾಡಿದ ಬದಲಾವಣೆಗಳು ಉಳಿಯುವ ಏರ್ಪಾಡು) ಸಹಿತ ಪೆನ್‌ಡ್ರೈವ್ ಅಥವಾ ಎಸ್‌ಡಿ ಕಾರ್ಡ್‌ನಿಂದ ಓಡಿಸುವುದು ಹೆಚ್ಚು ಜಾಣತನ.

ಎನ್‌ಕ್ರಿಪ್ಶನ್. ಹಳೆಯ ಆಟಂಗಳಲ್ಲಿ ಎಇಎಸ್‌ಗಾಗಿ ಮೀಸಲಾದ ಸೂಚನೆಗಳಿಲ್ಲ. ಪೂರ್ತಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡಿದರೆ ಪ್ರತಿ ಓದು ಬರಹವೂ ಪ್ರೊಸೆಸರನ್ನು ಹಿಂಡುತ್ತದೆ. ಯಂತ್ರವನ್ನು ಹೊರಗೆ ಒಯ್ಯುವವರು, ಖಾಸಗಿ ಫೈಲ್ ಇಡುವವರು ಇದನ್ನು ಸಹಿಸಿಕೊಂಡು ಮಾಡಲಿ, ಉಳಿದವರಿಗೆ ಬೇಡ.

ಡೆಸ್ಕ್‌ಟಾಪ್ ಆಯ್ಕೆ. ಡೆಬಿಯನ್ ಹಾಕುವವರ ಅತಿ ಸಾಮಾನ್ಯ ತಪ್ಪು ಇಲ್ಲಿದೆ. ಸಾಫ್ಟ್‌ವೇರ್ ಆರಿಸುವ ಪುಟದಲ್ಲಿ ‘ಡೆಬಿಯನ್ ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್’ ಮತ್ತು ‘ಗ್ನೋಮ್’ ಮೊದಲೇ ಟಿಕ್ ಆಗಿರುತ್ತವೆ. ನೋಡದೆ ಎಂಟರ್ ಒತ್ತಿದರೆ ಗ್ನೋಮ್ ಬಂದು ಕೂರುತ್ತದೆ, ಲಿನಕ್ಸ್ ನಿಧಾನ ಎಂಬ ದೂರು ಹುಟ್ಟುವುದು ಅಲ್ಲಿಂದ. ಸ್ಪೇಸ್‌ಬಾರ್‌ನಿಂದ ಎರಡೂ ಟಿಕ್ ತೆಗೆದು ‘ಎಲ್‌ಎಕ್ಸ್‌ಡಿಇ’ ಅಥವಾ ‘ಎಲ್‌ಎಕ್ಸ್‌ಕ್ಯೂಟಿ’ಗೆ ಹಾಕಿ, ಸ್ಟ್ಯಾಂಡರ್ಡ್ ಯುಟಿಲಿಟೀಸ್ ಇರಲಿ. ರೂಟ್ ಪಾಸ್‌ವರ್ಡ್ ಕೇಳುವ ಪುಟವನ್ನು ಖಾಲಿ ಬಿಟ್ಟರೆ ನಿಮ್ಮ ಬಳಕೆದಾರನಿಗೆ ನೇರವಾಗಿ ಸುಡೊ ಅಧಿಕಾರ (ರೂಟ್‌ನ ಪರವಾಗಿ ಕಮಾಂಡ್ ಓಡಿಸುವ ಹಕ್ಕು) ಸಿಗುತ್ತದೆ. ಅಲ್ಲಿ ಪಾಸ್‌ವರ್ಡ್ ಕೊಟ್ಟವರು ಆಮೇಲೆ ‘ಸುಡೊ ಕೆಲಸ ಮಾಡುತ್ತಿಲ್ಲ’ ಎಂದು ಕಂಗಾಲಾಗುತ್ತಾರೆ.

ಗ್ರಬ್ ಎಲ್ಲಿಗೆ. ಗ್ರಬ್ ಹೋಗಬೇಕಾದದ್ದು ಒಳಗಿನ ಡಿಸ್ಕ್‌ನ ತಲೆಗೆ, ಯಾವುದೋ ಪಾರ್ಟಿಷನ್‌ಗಲ್ಲ, ಪೆನ್‌ಡ್ರೈವ್‌ಗಂತೂ ಅಲ್ಲವೇ ಅಲ್ಲ. ‘ಎಸ್‌ಡಿಎ’ ಎಂದರೆ ಒಳಗಿನ ಡಿಸ್ಕ್ ಎಂದು ಊಹಿಸಬೇಡಿ. ಪೆನ್‌ಡ್ರೈವ್‌ನಿಂದ ಬೂಟ್ ಆದಾಗ ಅಕ್ಷರಗಳು ಅದಲುಬದಲಾಗುವುದುಂಟು. ಗಾತ್ರ ನೋಡಿ ಗುರುತಿಸಿ. ಪೆನ್‌ಡ್ರೈವ್ ಸಿಕ್ಕಿಸಿದ್ದಾಗ ಮಾತ್ರ ಬೂಟ್ ಆಗಿ, ತೆಗೆದ ಕೂಡಲೇ ‘ಬೂಟ್ ಡಿವೈಸ್ ಇಲ್ಲ’ ಎಂದರೆ ಗ್ರಬ್ ತಪ್ಪು ಜಾಗಕ್ಕೆ ಹೋಗಿದೆ ಎಂದೇ ಅರ್ಥ. ಇಡೀ ಇನ್‌ಸ್ಟಾಲ್ ಮತ್ತೆ ಮಾಡಬೇಕಿಲ್ಲ. ಡೆಬಿಯನ್ ಇನ್‌ಸ್ಟಾಲರ್‌ನ ‘ರೆಸ್ಕ್ಯೂ ಮೋಡ್’ನಲ್ಲಿ ಗ್ರಬ್ ಮಾತ್ರ ಮರುಸ್ಥಾಪಿಸುವ ಆಯ್ಕೆಯಿದೆ.

ಆಟಂ ಮೇಲೆ ಪ್ಯಾಕೇಜ್ ಬಿಚ್ಚುವುದು ನಿಧಾನ. ಪಟ್ಟಿ ಒಂದೇ ಶೇಕಡಾದಲ್ಲಿ ಹತ್ತು ನಿಮಿಷ ನಿಂತಿದ್ದರೂ ಡಿಸ್ಕ್ ದೀಪ ಮಿನುಗುತ್ತಿದ್ದರೆ ಕಾಯಿರಿ. ದೀಪ ಆರಿ, ಡಿಸ್ಕ್‌ನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ.

## ಹಂತ 8: ಮೊದಲ ಬೂಟ್ ಆದ ಮೇಲೆ

ಮೊದಲು ದಿನಾಂಕ ಸರಿಯಿದೆಯೇ ನೋಡಿ, ನಂತರ ವೈಫೈ ಫರ್ಮ್‌ವೇರ್, ಆಮೇಲೆ ಪೂರ್ಣ ಅಪ್‌ಡೇಟ್. ಈ ಮೂರರ ನಂತರ ಮೆಮೊರಿಯ ಕೆಲಸ.

ಡೆಬಿಯನ್‌ನಲ್ಲಿ ‘ಜಡ್‌ರ‍್ಯಾಮ್-ಟೂಲ್ಸ್’ ಪ್ಯಾಕೇಜ್ ಹಾಕಿ. ಅದು ರ‍್ಯಾಮ್‌ನ ಒಂದು ಭಾಗದಲ್ಲಿ ದತ್ತಾಂಶವನ್ನು ಕುಗ್ಗಿಸಿ ಇಡುವ ಸ್ವಾಪ್ ಮಾಡುತ್ತದೆ. ಡಿಸ್ಕ್ ಸ್ವಾಪ್‌ಗಿಂತ ಎಷ್ಟೋ ಪಟ್ಟು ವೇಗ. ಸೆಟ್ಟಿಂಗ್‌ಗಳಿರುವ ‘ಇಟಿಸಿ’ ಫೋಲ್ಡರ್‌ನೊಳಗಿನ ‘ಡೀಫಾಲ್ಟ್’ ಫೋಲ್ಡರ್‌ನಲ್ಲಿ ‘ಜಡ್‌ರ‍್ಯಾಮ್‌ಸ್ವಾಪ್’ ಫೈಲ್ ತೆರೆದು ಆಲ್ಗೊರಿದಂ ‘ಎಲ್‌ಜಡ್4’, ಶೇಕಡಾ 50 ಎಂದು ಇಡಿ. ‘ಜಡ್‌ಎಸ್‌ಟಿಡಿ’ ಹೆಚ್ಚು ಕುಗ್ಗಿಸುತ್ತದೆ, ಆದರೆ ಆಟಂಗೆ ಆ ಲೆಕ್ಕ ಭಾರ. ಡಿಸ್ಕ್ ಸ್ವಾಪ್ ತೆಗೆಯಬೇಡಿ. ಜಡ್‌ರ‍್ಯಾಮ್ ತುಂಬಿದ ಮೇಲೆ ಅದೇ ಆಸರೆ. ಜೊತೆಗೆ ‘ಅರ್ಲಿಊಮ್’ ಹಾಕಿ. ಮೆಮೊರಿ ಪೂರ್ತಿ ಬರಿದಾಗುವ ಮುನ್ನ ಅತಿ ಹೆಚ್ಚು ತಿನ್ನುತ್ತಿರುವ ಪ್ರೊಗ್ರಾಂ ಅನ್ನು ಅದು ಮುಚ್ಚುತ್ತದೆ. ಒಂದು ಟ್ಯಾಬ್ ಹೋಗುವುದು, ಮೌಸ್ ಸಹ ಅಲುಗದೆ ಇಡೀ ಯಂತ್ರ ಹೆಪ್ಪುಗಟ್ಟುವುದಕ್ಕಿಂತ ಮೇಲು.

ಇಟಿಸಿಯ ‘ಎಫ್‌ಎಸ್‌ಟ್ಯಾಬ್’ ಫೈಲ್‌ನಲ್ಲಿ ರೂಟ್ ಸಾಲಿಗೆ ‘ನೋಎಟೈಮ್’ ಸೇರಿಸಿದರೆ ಫೈಲ್ ಓದಿದ ಸಮಯವನ್ನು ದಾಖಲಿಸುವ ಅನಗತ್ಯ ಬರಹ ನಿಲ್ಲುತ್ತದೆ. ಆ ಸಾಲಿನಲ್ಲಿ ಅಲ್ಪವಿರಾಮದ ನಂತರ ಜಾಗ ಬಿಡಬೇಡಿ. ಜಾಗ ಬಿದ್ದರೆ ಮುಂದಿನ ಬೂಟ್‌ನಲ್ಲಿ ಡಿಸ್ಕ್ ತೆರೆಯದೆ ತುರ್ತು ಮೋಡ್‌ಗೆ ಬೀಳುತ್ತದೆ.

ಪ್ರೊಸೆಸರ್ ದೋಷಗಳ ವಿರುದ್ಧದ ರಕ್ಷಣೆ ಆರಿಸಿ ವೇಗ ಹೆಚ್ಚಿಸಿಕೊಳ್ಳಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ಎನ್270ಯಿಂದ ಎನ್2800ರವರೆಗಿನ ಆಟಂಗಳು ಸೂಚನೆಗಳನ್ನು ಬಂದ ಕ್ರಮದಲ್ಲೇ ನಡೆಸುತ್ತವೆ, ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಆ ದೋಷಗಳು ಅವನ್ನು ತಟ್ಟಲೇ ಇಲ್ಲ. ಆರಿಸುವುದಕ್ಕೆ ಅಲ್ಲಿ ಏನೂ ಇಲ್ಲ.

ಕನ್ನಡ ಬರೆಯಲು ಐಬಸ್ ಎಂಬ ಟೈಪಿಂಗ್ ಪ್ರೊಗ್ರಾಂ ಹಾಕುವ ಮುಂಚೆ ಕೀಬೋರ್ಡ್ ಲೇಔಟ್ ಪಟ್ಟಿಯಲ್ಲಿ ‘ಕನ್ನಡ, ಕಗಪ’ ಹುಡುಕಿ. ಅದು ವ್ಯವಸ್ಥೆಯ ಒಳಗೇ ಇರುವುದರಿಂದ ಹಿನ್ನೆಲೆಯಲ್ಲಿ ಇನ್ನೊಂದು ಪ್ರೊಗ್ರಾಂ ಓಡಬೇಕಿಲ್ಲ. ಫಾಂಟ್‌ಗೆ ಡೆಬಿಯನ್‌ನ ಕನ್ನಡ ಫಾಂಟ್ ಪ್ಯಾಕೇಜ್ ಹಾಕಿದರೆ ಗುಬ್ಬಿ, ನವಿಲು ಬರುತ್ತವೆ.

## ಹಂತ 9: ಬ್ರೌಸರ್ ಮತ್ತು ವಿಡಿಯೊ

32-ಬಿಟ್ ಲಿನಕ್ಸ್‌ಗೆ ಕ್ರೋಮ್ 2016ರಲ್ಲೇ ನಿಂತಿದೆ, ಫೈರ್‌ಫಾಕ್ಸ್ 145ನೇ ಆವೃತ್ತಿಯಿಂದ. ಹಾಗಾಗಿ ಬ್ರೌಸರನ್ನು ತಯಾರಕರ ಪುಟದಿಂದ ಇಳಿಸದೆ ವಿತರಣೆಯ ಭಂಡಾರದಿಂದಲೇ ‘ಫೈರ್‌ಫಾಕ್ಸ್ ಇಎಸ್‌ಆರ್’ (ದೀರ್ಘಾವಧಿ ಬೆಂಬಲದ ಆವೃತ್ತಿ) ಹಾಕಿ.

ಹಾಕಿದ ಕೂಡಲೇ ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಸೇರಿಸಿ. ನೆಟ್‌ಬುಕ್‌ನಲ್ಲಿ ಜಾಹೀರಾತು ತಡೆ ಬರೀ ನೆಮ್ಮದಿಯ ಮಾತಲ್ಲ, ಪುಟ ತೆರೆಯುತ್ತದೋ ಇಲ್ಲವೋ ಎಂಬುದೇ ಅದರ ಮೇಲೆ ನಿಂತಿದೆ. ಆಟೊಪ್ಲೇ ಆರಿಸಿ, 1 ಜಿಬಿಯಲ್ಲಿ ಎರಡು ಟ್ಯಾಬ್ ದಾಟಬೇಡಿ. ಪಟ್ಟಿಗಳು ಪರದೆ ತಿನ್ನುತ್ತಿದ್ದರೆ ಎಫ್11 ಒತ್ತಿ, ಝೂಮ್ ಶೇಕಡಾ 80ಕ್ಕೆ ಇಳಿಸಿ.

ವಿಡಿಯೊವನ್ನು ಬ್ರೌಸರ್‌ನಲ್ಲಿ ನೋಡಲು ಹೋಗಬೇಡಿ. ಜಿಎಂಎ 950 ಮತ್ತು 3150ರಲ್ಲಿ ಎಚ್.264 (ಸಾಮಾನ್ಯವಾಗಿ ಬಳಸುವ ವಿಡಿಯೊ ಸ್ವರೂಪ) ಬಿಡಿಸುವ ಯಂತ್ರಾಂಶ ಇಲ್ಲ, ಎಲ್ಲವೂ ಪ್ರೊಸೆಸರ್ ಪಾಲಿಗೆ. ಎಂಪಿವಿ ಪ್ಲೇಯರ್‌ನಲ್ಲಿ 480ಪಿ ಎಚ್.264 ಫೈಲ್ ಸಲೀಸಾಗಿ ಓಡುತ್ತದೆ, 720ಪಿಯಲ್ಲಿ ತಡವರಿಸುತ್ತದೆ, ವಿಪಿ9, ಎವಿ1 ಎಂಬ ಹೊಸ ಸ್ವರೂಪದ ವಿಡಿಯೊ ಮುಟ್ಟಲೇಬೇಡಿ.

ಕೆಲಸ ಮಾಡುತ್ತ ಮಾಡುತ್ತ ಯಂತ್ರ ನಿಧಾನವಾಗುತ್ತ ಹೋಗಿ, ಅರ್ಧ ಗಂಟೆ ಆರಿಸಿಟ್ಟು ಮತ್ತೆ ಹಚ್ಚಿದಾಗ ಸರಿಯಾದರೆ ತಪ್ಪು ಲಿನಕ್ಸ್‌ದಲ್ಲ, ಬಿಸಿಯದು. ‘ಸೆನ್ಸಾರ್ಸ್’ ಕಮಾಂಡ್‌ನಲ್ಲಿ ಸುಮ್ಮನೆ ಬಿಟ್ಟಾಗಲೂ 80 ಡಿಗ್ರಿ ದಾಟುತ್ತಿದ್ದರೆ ಫ್ಯಾನ್ ಬಿಚ್ಚಿ ಧೂಳು ತೆಗೆದು ಥರ್ಮಲ್ ಪೇಸ್ಟ್ ಬದಲಿಸಿ.

## ಹಂತ 10: ಮುಂದಿನ ಅಪ್‌ಡೇಟ್‌ಗಳು

64-ಬಿಟ್ ಯಂತ್ರಕ್ಕೆ ಇಲ್ಲಿ ವಿಶೇಷವೇನೂ ಇಲ್ಲ. 32-ಬಿಟ್ ಯಂತ್ರದಲ್ಲಿ ಒಂದು ಕೆಲಸವನ್ನು ಈಗಲೇ ಮಾಡಿಡಿ. ಪ್ಯಾಕೇಜ್‌ಗಳನ್ನು ಇಳಿಸಿ ಹಾಕುವ ‘ಆಪ್ಟ್’ನ ‘ಸೋರ್ಸಸ್ ಲಿಸ್ಟ್’ ಫೈಲ್ ತೆರೆದು, ಎಲ್ಲಾದರೂ ‘ಸ್ಟೇಬಲ್’ ಎಂದಿದ್ದರೆ ಅದನ್ನು ‘ಬುಕ್‌ವರ್ಮ್’ ಎಂದು ಬದಲಿಸಿ. ‘ಸ್ಟೇಬಲ್’ ಎಂಬ ಹೆಸರು ಈಗ ಡೆಬಿಯನ್ 13ನ್ನು ತೋರಿಸುತ್ತದೆ. ಹಾಗೇ ಬಿಟ್ಟರೆ ಮುಂದಿನ ಅಪ್‌ಗ್ರೇಡ್ ಅರ್ಧ ದಾರಿಯಲ್ಲಿ ಕೈಬಿಡುತ್ತದೆ, ಏಕೆಂದರೆ ಅಲ್ಲಿ ನಿಮ್ಮ ಯಂತ್ರಕ್ಕೆ ಕರ್ನಲ್ ಇಲ್ಲ. ಬುಕ್‌ವರ್ಮ್‌ನ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗಿದೆ. ಆ ಬಳಿಕ 32-ಬಿಟ್ ನೆಟ್‌ಬುಕ್ಕನ್ನು ಇಂಟರ್‌ನೆಟ್‌ನಿಂದ ಬೇರ್ಪಡಿಸಿ ಬರವಣಿಗೆಗೋ ಹಾಡು ಕೇಳಲೋ ಇಟ್ಟುಕೊಳ್ಳಬಹುದು, ಇಲ್ಲವೇ ಆ ಹೊತ್ತಿಗೂ 32-ಬಿಟ್ ಕೊಡುತ್ತಿರುವ ವಿತರಣೆಗೆ ಹಂತ 3ರಿಂದ ಮತ್ತೆ ಹುಡುಕಾಟ ಶುರುಮಾಡಬೇಕು.